ಅಷ್ಟಭೋಗದ ಮಣ್ಣು, ಒಂದೇ ಭೋಗದ ಪುಸ್ತಕ

ಹಳೇ ಮೈಸೂರು ಸೀಮೆಯಲ್ಲಿ ಇಂದಿಗೂ ಬರೆಯುವ ಹಲವು ಕ್ರಯಪತ್ರಗಳಲ್ಲಿ, ಚಕ್ಕುಬಂದಿಯ ಆಸುಪಾಸಿನಲ್ಲಿ ಒಂದು ಹಳೆಯ ಸಾಲು ಬರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳ ಸಮೇತ ಜಮೀನನ್ನು ಬಿಟ್ಟುಕೊಟ್ಟಿದ್ದೇನೆ ಎಂಬುದು ಅದರ ತಾತ್ಪರ್ಯ. ಪತ್ರ ಬರಹಗಾರರು ರೂಢಿಯಿಂದ ಬರೆಯುತ್ತಾರೆ, ಎರಡೂ ಕಡೆಯವರು ಕೇಳಿಸಿಕೊಂಡು ಸಹಿ ಹಾಕುತ್ತಾರೆ. ಈ ಎಂಟು ಮಾತುಗಳು ವಿಜಯನಗರ ಕಾಲದ ದಾನಶಾಸನಗಳಿಂದ ಇಳಿದು ಬಂದವು. ನೆಲದಲ್ಲಿ ಹೂತ ಸಿರಿ ನಿಧಿ, ಅಲ್ಲಿಟ್ಟು ಮರೆತ ಸೊತ್ತು ನಿಕ್ಷೇಪ, ನೀರು ಜಲ, ಕಲ್ಲು ಪಾಷಾಣ, ಈಗಾಗಲೇ ಇರುವ ಕುಂದದ ಹಕ್ಕು ಅಕ್ಷೀಣಿ, ಮುಂದೆ ಬರಬಹುದಾದ ಲಾಭ ಆಗಾಮಿ, ಹದಗೊಂಡ ಸಾಗುವಳಿ ಸಿದ್ಧ, ಹದ ಮಾಡಿಕೊಳ್ಳಬಹುದಾದದ್ದು ಸಾಧ್ಯ. ಭೂಮಿಯ ಬೆಲೆ ಎಂದರೆ ಏನೇನು ಸೇರುತ್ತದೆ ಎಂಬುದನ್ನು ನಮ್ಮ ಹಿರಿಯರು ಎಂಟು ಪದಗಳಲ್ಲಿ ಎಣಿಸಿಟ್ಟಿದ್ದರು. ಆ ಎಂಟರಲ್ಲಿ ಆಗಾಮಿ ಒಂದು ಮಾತ್ರ. ಜಮೀನು, ಸೈಟು, ಮನೆಗಳಲ್ಲಿ ಹಣ ಹೂಡಿ ಶ್ರೀಮಂತರಾಗುವುದು ಹೇಗೆಂದು ಹೇಳಿಕೊಡುವ ಜನಪ್ರಿಯ ಪುಸ್ತಕಗಳು ಮಾತನಾಡುವುದು ಬಹುಪಾಲು ಆ ಒಂದರ ಬಗ್ಗೆ. ಉಳಿದ ಏಳರ ಲೆಕ್ಕ ಕೊಡದ ಪುಸ್ತಕ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಹಾಸನಗಳಲ್ಲಿ ನೆಲ ಕೊಳ್ಳುವವರಿಗೆ ಎಷ್ಟರಮಟ್ಟಿಗೆ ಉಪಯೋಗ ಎಂಬುದನ್ನು ಈ ಸೀಮೆಯ ಭೂಮಿಯ ಚರಿತ್ರೆಯನ್ನೇ ಒರೆಗಲ್ಲಾಗಿ ಇಟ್ಟುಕೊಂಡು ನೋಡಬೇಕು.

ಈ ಪುಸ್ತಕಗಳಿಗೂ ಒಂದು ವಂಶಾವಳಿಯಿದೆ. ಸಾವಿರ ಡಾಲರನ್ನು ಬಿಡುವಿನ ವೇಳೆಯಲ್ಲಿ ಹತ್ತು ಲಕ್ಷ ಡಾಲರ್ ಮಾಡಿದ್ದು ಹೇಗೆ ಎಂಬ ವಿಷಯವನ್ನೇ ಹೆಸರಾಗಿಸಿಕೊಂಡ ವಿಲಿಯಂ ನಿಕರ್ಸನ್ ಅವರ ಪುಸ್ತಕ ಅಮೆರಿಕದಲ್ಲಿ 1959ರಲ್ಲಿ ಬಂತು. ಹಾಳುಬಿದ್ದ ಕಟ್ಟಡವನ್ನು ಸಾಲದಲ್ಲಿ ಕೊಂಡು, ರಿಪೇರಿ ಮಾಡಿಸಿ, ಬಾಡಿಗೆ ಏರಿಸಿ, ಮಾರಿ, ಇನ್ನೂ ದೊಡ್ಡದನ್ನು ಕೊಳ್ಳುವುದು ಅದರ ದಾರಿ. 1980ರಲ್ಲಿ ರಾಬರ್ಟ್ ಅಲೆನ್ ಅವರ 'ನಥಿಂಗ್ ಡೌನ್' ಬಂತು. ಕೈಯಿಂದ ಹಣ ಹಾಕದೆ ಆಸ್ತಿ ಕೊಳ್ಳಬಹುದು ಎಂಬುದು ಅದರ ಭರವಸೆ. 1997ರಲ್ಲಿ ರಾಬರ್ಟ್ ಕಿಯೋಸಾಕಿ ಮತ್ತು ಶರೋನ್ ಲೆಕ್ಟರ್ ಬರೆದ 'ರಿಚ್ ಡ್ಯಾಡ್ ಪೂರ್ ಡ್ಯಾಡ್' ಬಂದು ಜಗತ್ತಿನ ಹತ್ತಾರು ಭಾಷೆಗಳಿಗೆ, ಭಾರತದ ಭಾಷೆಗಳಿಗೂ ಹೋಯಿತು. ನಮ್ಮ ಬಸ್ ನಿಲ್ದಾಣಗಳ ಪುಸ್ತಕದಂಗಡಿಗಳಲ್ಲಿ ಕಾಣುವ ಈ ಬಗೆಯ ಬಹುತೇಕ ಪುಸ್ತಕಗಳು ಈ ಮೂರರ ಮಕ್ಕಳು, ಮೊಮ್ಮಕ್ಕಳು. ಇವುಗಳ ಸಾರ ನಾಲ್ಕು ಮಾತಿಗೆ ನಿಲ್ಲುತ್ತದೆ: ಭೂಮಿ ಹೊಸದಾಗಿ ಹುಟ್ಟುವುದಿಲ್ಲ, ಆದ್ದರಿಂದ ಬೆಲೆ ಏರುತ್ತಲೇ ಇರುತ್ತದೆ, ಸ್ವಂತ ಹಣಕ್ಕಿಂತ ಸಾಲದ ಹಣದಲ್ಲಿ ಕೊಳ್ಳುವುದು ಜಾಣತನ, ಕಷ್ಟದಲ್ಲಿರುವ ಮಾರಾಟಗಾರನನ್ನು ಹುಡುಕಿದರೆ ಅಗ್ಗಕ್ಕೆ ಸಿಗುತ್ತದೆ, ಬಾಡಿಗೆ ಸಾಲವನ್ನು ತೀರಿಸುತ್ತದೆ. ಈ ನಾಲ್ಕನ್ನೂ ಹಾಸನದ ನೆಲದ ಮೇಲೆ ಇಟ್ಟು ನೋಡಿದರೆ, ಒಂದೊಂದೂ ಒಂದೊಂದು ಕಾಯಿದೆಗೆ, ಒಂದೊಂದು ಕಾಲಕ್ಕೆ ಎಡವುತ್ತದೆ.

ನೆಲದ ಬಗ್ಗೆ ಹಿತವಚನ ಹೇಳುವ ಪುಸ್ತಕ ಕನ್ನಡಕ್ಕೆ ಹೊಸತೇನಲ್ಲ. ಕ್ರಿ.ಶ. 1025ರ ಸುಮಾರಿನಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಎರಡನೆಯ ಚಾವುಂಡರಾಯ 'ಲೋಕೋಪಕಾರ' ಬರೆದ. ಮನೆ ಕಟ್ಟುವ ನಿವೇಶನದ ಲಕ್ಷಣ, ಬಾವಿ ತೋಡಲು ನೀರಿನ ನೆಲೆ ಹುಡುಕುವ ಬಗೆ, ಗಿಡಮರಗಳ ಆರೈಕೆ, ಮಳೆಯ ಸೂಚನೆ, ಅಡುಗೆ, ಮದ್ದು ಎಲ್ಲವೂ ಅದರಲ್ಲಿವೆ. ಶಕುನದ ಮಾತುಗಳೂ ಇವೆ. ಇಂದು ಅವನ್ನೆಲ್ಲ ನಂಬಬೇಕಾಗಿಲ್ಲ. ಆದರೆ ಆ ಪುಸ್ತಕದ ಕ್ರಮವನ್ನು ಗಮನಿಸಬೇಕು. ನೆಲದ ಗುಣವೇನು, ಅಡಿಯಲ್ಲಿ ನೀರಿದೆಯೇ, ಏನು ಬೆಳೆಯುತ್ತದೆ ಎಂದು ಅದು ವಿಚಾರಿಸುತ್ತದೆ. ಯಾವ ನೆಲ ಎಂದು ಕೇಳದೆ ಹಿತವಚನ ಹೇಳಲು ಬಾರದು ಎಂಬ ತಿಳಿವಳಿಕೆ ಸಾವಿರ ವರ್ಷದ ಹಿಂದಿನ ಲೇಖಕನಿಗಿತ್ತು. ಇಂದಿನ ಜನಪ್ರಿಯ ಪುಸ್ತಕ ಯಾವ ಊರಿನವರು ಓದಿದರೂ ಒಂದೇ ಮಾತು ಹೇಳುತ್ತದೆ. ಅದರ ಮಾರಾಟಕ್ಕೆ ಅದೇ ಬಲ, ಅದರ ಹಿತವಚನಕ್ಕೆ ಅದೇ ದೌರ್ಬಲ್ಯ.

ಭೂಮಿಯ ಬೆಲೆ ಏರುತ್ತಲೇ ಇರುತ್ತದೆ ಎಂಬ ಮೊದಲ ಮಾತನ್ನು ತೆಗೆದುಕೊಳ್ಳೋಣ. ಈ ಜಿಲ್ಲೆಯಲ್ಲಿ ಭೂಮಿಯ ದಾಖಲೆಗೆ ಬಹಳ ವಯಸ್ಸಾಗಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರದೆಂದು ಹೇಳುವ ಶಾಸನ ಯುದ್ಧದಲ್ಲಿ ಗೆದ್ದ ವೀರನಿಗೆ ಊರುಗಳನ್ನು ಕೊಟ್ಟ ದಾನಪತ್ರ. ಕೆಡಿಸಿದವರಿಗೆ ಪಾಪ ತಟ್ಟಲಿ ಎಂಬ ಶಾಪವೂ ಅದರಲ್ಲಿದೆ. ಬಿ.ಎಲ್. ರೈಸ್ ಅವರು 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕ'ದ ಐದನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ ಅರಕಲಗೂಡು ತಾಲ್ಲೂಕಿನ ಶಾಸನಗಳೂ ಅಚ್ಚಾದವು. ಅವನ್ನು ಓದಿದರೆ ನೆಲ ಎಂದರೆ ಮುಖ್ಯವಾಗಿ ಹುಟ್ಟುವಳಿಯಲ್ಲಿ ಪಾಲು ಪಡೆಯುವ ಹಕ್ಕು ಎಂಬುದು ಕಾಣುತ್ತದೆ. ಅರಕಲಗೂಡು ಪೇಟೆಯನ್ನು 1568ರಲ್ಲಿ ಐಗೂರಿನ ಪಾಳೆಯಗಾರ ಕೃಷ್ಣಪ್ಪ ನಾಯಕ ಕಟ್ಟಿದನೆನ್ನುತ್ತಾರೆ. ಹದಿನೇಳನೆಯ ಶತಮಾನ ಮುಗಿಯುವ ಹೊತ್ತಿಗೆ ಅದು ಮೈಸೂರು ಅರಸರ ಕೈಸೇರಿತ್ತು. ಒಡೆಯ ಬದಲಾದಾಗ ಪಾಲು ಪಡೆಯುವವನೂ ಬದಲಾದ. ನೆಲ ಬೇಕಾದಷ್ಟಿದ್ದು ಉಳುವ ಕೈ ಕಡಿಮೆಯಿದ್ದ ಕಾಲ ಅದು. ಕಂದಾಯ ಹೆಚ್ಚಾದರೆ ರೈತ ಹೊಲ ಬಿಟ್ಟು ಬೇರೆ ಸೀಮೆಗೆ ಹೋಗುತ್ತಿದ್ದ. ಆಗ ನೆಲ ಆಸ್ತಿಯಾಗದೆ ಹೊರೆಯಾಗುತ್ತಿತ್ತು. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876-78ರಲ್ಲಿ ಬಂದ ಮಹಾಕ್ಷಾಮ ಇದನ್ನು ಅತ್ಯಂತ ಕ್ರೂರವಾಗಿ ತೋರಿಸಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50.55 ಲಕ್ಷವಿದ್ದದ್ದು 1881ರಲ್ಲಿ 41.86 ಲಕ್ಷಕ್ಕೆ ಇಳಿಯಿತು. ನೆಲ ಒಂದು ಗುಂಟೆಯೂ ಕಡಿಮೆಯಾಗಿರಲಿಲ್ಲ. ಉಳುವವರೇ ಇಲ್ಲದಾಗ ಅದನ್ನು ಕೇಳುವವರೂ ಇರಲಿಲ್ಲ. ಭೂಮಿ ಹುಟ್ಟುವುದಿಲ್ಲ ಎಂಬುದು ನಿಜ. ಅಷ್ಟರಿಂದಲೇ ಅದರ ಬೆಲೆ ಏರುತ್ತದೆ ಎಂಬುದು ಚರಿತ್ರೆ ಒಪ್ಪುವ ಮಾತಲ್ಲ.

ನೆಲಕ್ಕೆ ಇಂದು ನಾವು ತಿಳಿದಂಥ ಬೆಲೆ ಬಂದದ್ದು ಅದಕ್ಕೆ ನಂಬರು ಬಿದ್ದ ಮೇಲೆ. ಬ್ರಿಟಿಷ್ ಕಮಿಷನರುಗಳ ಆಡಳಿತವಿದ್ದಾಗ, 1863ರಲ್ಲಿ, ಮೈಸೂರಿನಲ್ಲಿ ಮುಂಬಯಿ ಮಾದರಿಯ ರೆವಿನ್ಯೂ ಸರ್ವೆ ಶುರುವಾಗಿ ಮುಂದಿನ ದಶಕಗಳಲ್ಲಿ ತಾಲ್ಲೂಕಿನಿಂದ ತಾಲ್ಲೂಕಿಗೆ ನಡೆಯಿತು. ಸರಪಳಿ ಎಳೆದು ಅಳೆದರು, ಕಲ್ಲು ನೆಟ್ಟರು, ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿದರು, ಪ್ರತಿ ಹೊಲಕ್ಕೂ ಸರ್ವೆ ನಂಬರು ಕೊಟ್ಟು ಮೂವತ್ತು ವರ್ಷದವರೆಗೆ ಬದಲಾಗದ ಕಂದಾಯ ಕಟ್ಟಿದರು. ಹಿಂದಿನ ಬಟಾಯಿ ಪದ್ಧತಿಯಲ್ಲಿ ಕಣದ ಮೇಲೆ ಪಾಲಾಗುತ್ತಿದ್ದ ಹುಟ್ಟುವಳಿಯ ಜಾಗಕ್ಕೆ ನಗದು ಬಂತು. 1888ರ ಮೈಸೂರು ಭೂಕಂದಾಯ ಸಂಹಿತೆ ಇವನ್ನೆಲ್ಲ ಒಂದು ಕಾನೂನಿನ ಚೌಕಟ್ಟಿಗೆ ತಂದಿತು. ಕಂದಾಯ ಖಚಿತವಾದಾಗ ಅದನ್ನು ಕಟ್ಟಿ ಉಳಿಯುವ ಲಾಭವೂ ಖಚಿತವಾಯಿತು. ಲಾಭ ಖಚಿತವಾದ ನೆಲದ ಮೇಲೆ ಸಾಲ ಹುಟ್ಟುತ್ತದೆ. ಸಾಲ ಹುಟ್ಟಿದಾಗ ಆಧಾರ ಪತ್ರ, ಭೋಗ್ಯ ಪತ್ರ, ಕೊನೆಗೆ ಕ್ರಯಪತ್ರ ಹುಟ್ಟುತ್ತವೆ. ಭೂಮಿಯನ್ನು ಮಾರುಕಟ್ಟೆಯ ಸರಕಾಗಿಸಿದ್ದು ಸರ್ಕಾರದ ಅಳತೆ. ಅದರ ಹಿಂದೆಯೇ ಇನ್ನೊಂದು ಬದಲಾವಣೆಯೂ ಬಂತು: ನೆಲದ ಯೋಗ್ಯತೆ ಮಣ್ಣಿನಲ್ಲಿ ಮಾತ್ರ ಇರದೆ ಕಾಗದದಲ್ಲೂ ಇರತೊಡಗಿತು. ಟಿಪ್ಪಣಿ, ಆಕಾರ್‌ಬಂದ್, ಖರಾಬು, ಹಿಸ್ಸಾ, ಪೋಡಿ, ಪಹಣಿ, ಮ್ಯುಟೇಷನ್ ಎಂಬ ಮಾತುಗಳು ಅಂದಿನಿಂದ ನಮ್ಮ ಮನೆಮಾತಾದವು. ಎರಡು ಎಕರೆ ಎಂದು ಕ್ರಯಪತ್ರದಲ್ಲಿದ್ದು ಆಕಾರ್‌ಬಂದ್‌ನಲ್ಲಿ ಹತ್ತು ಗುಂಟೆ ಖರಾಬು ಕಳೆದಿದ್ದರೆ, ಆ ಹತ್ತು ಗುಂಟೆಗೆ ಕೊಟ್ಟ ಹಣ ಹೋದಂತೆಯೇ. ಹೂಡಿಕೆಯ ಪುಸ್ತಕದ ಯಾವ ಸೂತ್ರವೂ ಅದನ್ನು ಹಿಂದಕ್ಕೆ ತರಲಾರದು.

ಸ್ವಾತಂತ್ರ್ಯದ ನಂತರದ ಕಾಲು ಶತಮಾನದಲ್ಲಿ ಈ ಕಾಗದದ ಲೋಕವೇ ಅಡಿಮೇಲಾಯಿತು. ವೈಯಕ್ತಿಕ ಮತ್ತು ಸಂಕೀರ್ಣ ಇನಾಮುಗಳನ್ನು 1954ರ ಕಾಯಿದೆ ರದ್ದು ಮಾಡಿತು, ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳನ್ನು 1955ರ ಕಾಯಿದೆ. ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿಗಳ ಹುದ್ದೆ ಮತ್ತು ಅದಕ್ಕೆ ಅಂಟಿದ ಜಮೀನಿನ ವ್ಯವಸ್ಥೆಯನ್ನು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ ಕೊನೆಗಾಣಿಸಿತು. ಎಲ್ಲಕ್ಕಿಂತ ದೊಡ್ಡದು ದೇವರಾಜ ಅರಸು ಅವರ ಸರ್ಕಾರ ತಂದ ಭೂಸುಧಾರಣೆಯ ತಿದ್ದುಪಡಿ. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರಕ್ಕೆ ಸೇರಿತು; ನಮೂನೆ 7ರಲ್ಲಿ ಅರ್ಜಿ ಹಾಕಿದ ಉಳುವವನಿಗೆ ಭೂನ್ಯಾಯ ಮಂಡಳಿ ಹಕ್ಕು ಕೊಟ್ಟಿತು. ಅಂಥ ಭೂಮಿಯನ್ನು ನಿಗದಿತ ವರ್ಷಗಳವರೆಗೆ ಮಾರುವಂತಿಲ್ಲ ಎಂಬ ಷರತ್ತೂ ಬಂತು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ 79ಎ, 79ಬಿ ಕಲಮುಗಳು ತಡೆದವು. ಹೊಸದಾಗಿ ಗೇಣಿಗೆ ಕೊಡುವುದನ್ನು 5ನೇ ಕಲಮು ನಿಷೇಧಿಸಿತು. ಸೈನಿಕ, ನಾವಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಬಾಡಿಗೆಯಿಂದ ಸಾಲ ತೀರುತ್ತದೆ ಎಂಬ ಪುಸ್ತಕದ ಮಾತು ಇಲ್ಲಿಗೆ ಬಂದು ನಿಲ್ಲುತ್ತದೆ. ಅರಕಲಗೂಡು, ಹಾಸನ ಕಡೆ ಶುಂಠಿ ಬೆಳೆಗೆಂದು ಒಂದೆರಡು ವರ್ಷಕ್ಕೆ ಹೊಲ ಕೊಡುವ ವ್ಯವಹಾರಗಳು ಬಾಯಿಮಾತಿನಲ್ಲಿ, ನಂಬಿಕೆಯ ಮೇಲೆ ನಡೆಯುವುದಕ್ಕೆ ಇದೇ ಮೂಲ ಕಾರಣ. ಅಮೆರಿಕದ ಲೇಖಕ ಬಾಡಿಗೆ ಎಂದಾಗ ಅವನ ಕಣ್ಣ ಮುಂದೆ ಕೋರ್ಟಿನಲ್ಲಿ ನಿಲ್ಲುವ ಕರಾರು ಇರುತ್ತದೆ. ಇಲ್ಲಿ ಹೊಲದ ಮೇಲಿನ ಆದಾಯಕ್ಕೆ ಸ್ವಂತ ಸಾಗುವಳಿಯೊಂದೇ ಕಾನೂನು ಒಪ್ಪುವ ನೇರ ದಾರಿ.

ಕಷ್ಟದಲ್ಲಿರುವ ಮಾರಾಟಗಾರನನ್ನು ಹುಡುಕು ಎಂಬ ಮಾತನ್ನು ಇನ್ನೂ ಕಟುವಾಗಿ ಪರೀಕ್ಷಿಸಬೇಕು. ನಮ್ಮ ತಾಲ್ಲೂಕುಗಳಲ್ಲಿ ಅಗ್ಗಕ್ಕೆ ಮಾರಬೇಕಾಗಿ ಬಂದವರಲ್ಲಿ ದರಖಾಸ್ತಿನಲ್ಲಿ ಸರ್ಕಾರದಿಂದ ಜಮೀನು ಪಡೆದ ಪರಿಶಿಷ್ಟ ಜಾತಿಯ ಕುಟುಂಬಗಳು ಬಹಳ. ಸಾಗುವಳಿ ಚೀಟಿಯಲ್ಲಿ ಇಷ್ಟು ವರ್ಷ ಪರಭಾರೆ ಮಾಡಕೂಡದು ಎಂಬ ಷರತ್ತು ಇದ್ದರೂ ಮದುವೆ, ಕಾಯಿಲೆ, ಬರ ಬಂದಾಗ ಜಮೀನು ಕೈಬಿಟ್ಟಿತು. ಈ ಅನ್ಯಾಯವನ್ನು ಸರಿಪಡಿಸಲು ಬಂದದ್ದು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯಿದೆ, 1978. ಜನರ ಬಾಯಲ್ಲಿ ಪಿಟಿಸಿಎಲ್. ಮಂಜೂರಾತಿಯ ಷರತ್ತು ಮುರಿದು ಆದ ಮಾರಾಟ ಕಾಯಿದೆಗೆ ಮೊದಲೇ ಆಗಿದ್ದರೂ ಅನೂರ್ಜಿತ, ಜಮೀನು ಮೂಲ ಮಂಜೂರಾತಿದಾರನಿಗೆ ಅಥವಾ ಅವನ ವಾರಸುದಾರರಿಗೆ ಮರಳಬೇಕು ಎಂದಿತು ಆ ಕಾಯಿದೆ. ಕೊಂಡವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ನ್ಯಾಯಾಲಯ ಕಾಯಿದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ತೀರ ತಡವಾಗಿ ಹಾಕಿದ ಅರ್ಜಿಯನ್ನು ಮನ್ನಿಸಲಾಗದು ಎಂದಿತು. 2023ರಲ್ಲಿ ವಿಧಾನಮಂಡಲ ಅರ್ಜಿಗೆ ಕಾಲಮಿತಿಯಿಲ್ಲ ಎಂದು ತಿದ್ದುಪಡಿ ಮಾಡಿತು. ಒಂದೇ ಹೊಲದ ಮೇಲಿನ ಹಕ್ಕು ನಲವತ್ತೈದು ವರ್ಷಗಳಲ್ಲಿ ಹೀಗೆ ಮತ್ತೆ ಮತ್ತೆ ವಿಚಾರಣೆಗೆ ಬಂದಿದೆ. ಅಗ್ಗ ಎಂದು ಕೊಂಡವನು ಕಳೆದುಕೊಂಡದ್ದು ಅವನ ದೃಷ್ಟಿಗೆ ನಷ್ಟ. ಮಾರಿದವನ ಮೊಮ್ಮಗನ ದೃಷ್ಟಿಗೆ ನ್ಯಾಯ. ಇನ್ನೊಬ್ಬನ ಸಂಕಟವನ್ನು ಅವಕಾಶ ಎಂದು ಕರೆಯುವ ಪುಸ್ತಕ ಧರ್ಮದ ಪ್ರಶ್ನೆಯಲ್ಲೂ ಸೋಲುತ್ತದೆ, ಹಾಸನದಲ್ಲಿ ವ್ಯವಹಾರದ ಪ್ರಶ್ನೆಯಲ್ಲೂ ಸೋಲುತ್ತದೆ. ನೀತಿ ಮತ್ತು ಲಾಭ ಇಷ್ಟು ಸ್ಪಷ್ಟವಾಗಿ ಒಂದೇ ಕಡೆ ನಿಲ್ಲುವ ಸಂದರ್ಭ ಅಪರೂಪ.

ಆದರೂ ಈ ಸೀಮೆಯಲ್ಲಿ ನೆಲದ ಬೆಲೆ ಏರಿದೆಯಲ್ಲ ಎಂದು ಕೇಳಬಹುದು. ಏರಿದೆ, ಏಕೆ ಏರಿತು ಎಂಬುದೇ ತಿಳಿಯಬೇಕಾದ ವಿಷಯ. ಅರಕಲಗೂಡು ತಾಲ್ಲೂಕಿನ ಕಟ್ಟೇಪುರದಲ್ಲಿ ಕಾವೇರಿಗೆ, ಹೊಳೆನರಸೀಪುರದ ಬಳಿ ಶ್ರೀರಾಮದೇವರ ಕಟ್ಟೆಯಲ್ಲಿ ಹೇಮಾವತಿಗೆ ಹಾಕಿದ ಹಳೆಯ ಅಣೆಕಟ್ಟೆಗಳ ಕೆಳಗಿನ ನೆಲ ಗದ್ದೆಯಾಯಿತು, ಪಕ್ಕದ ದಿಣ್ಣೆ ಹೊಲವಾಗಿಯೇ ಉಳಿಯಿತು. ಹಾಸನ ತಾಲ್ಲೂಕಿನ ಗೊರೂರಿನಲ್ಲಿ ಹೇಮಾವತಿ ಜಲಾಶಯ 1979ರಲ್ಲಿ ಪೂರ್ಣಗೊಂಡಾಗ ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ನಡೆಯಿತು. 37.1 ಟಿಎಂಸಿ ನೀರು ಹಿಡಿಯುವ ಆ ಜಲಾಶಯದ ನಾಲೆಗಳು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಹೊಲಗಳನ್ನು ಮುಟ್ಟಿ, ಮಂಡ್ಯ, ತುಮಕೂರು ಜಿಲ್ಲೆಗಳವರೆಗೂ ಹೋದವು. ಹಿನ್ನೀರಿನಲ್ಲಿ ಹಳ್ಳಿಗಳೇ ಮುಳುಗಿದವು. ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಮಳೆಗಾಲದಲ್ಲಿ ನೀರೊಳಗೆ, ಬೇಸಿಗೆಯಲ್ಲಿ ಬಯಲಲ್ಲಿ ನಿಲ್ಲುತ್ತದೆ. ಎಲ್ಲಿ ನಾಲೆ ಹೋಗುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಎಂಬುದನ್ನು ಯಾವ ಹೂಡಿಕೆದಾರನ ಬುದ್ಧಿವಂತಿಕೆಯೂ ತೀರ್ಮಾನಿಸಲಿಲ್ಲ. ಒಬ್ಬನ ಗದ್ದೆ ಮುಳುಗಿದ್ದರಿಂದ ಇನ್ನೊಬ್ಬನ ಹೊಲ ಗದ್ದೆಯಾಯಿತು. ಸರ್ಕಾರಕ್ಕೂ ಇದು ಗೊತ್ತಿತ್ತು: ನೀರಾವರಿಯಿಂದ ಏರಿದ ಬೆಲೆಯಲ್ಲಿ ಒಂದು ಪಾಲನ್ನು ಅಭಿವೃದ್ಧಿ ಕರವಾಗಿ ಪಡೆಯಲೆಂದೇ 1957ರಲ್ಲಿ ಒಂದು ಕಾಯಿದೆ ಆಯಿತು. ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲಿ ಪ್ರಕಟಿಸಿದ 'ಪ್ರೋಗ್ರೆಸ್ ಅಂಡ್ ಪಾವರ್ಟಿ'ಯ ವಾದವೂ ಇದೇ. ನೆಲದ ಬೆಲೆಯನ್ನು ಹೆಚ್ಚಿಸುವುದು ಸುತ್ತಲಿನ ಸಮಾಜ, ಆ ಲಾಭ ಒಡೆಯನಿಗೆ ಸುಮ್ಮನೆ ದಕ್ಕುತ್ತದೆ ಎಂದು ಅವನು ತೋರಿಸಿದ. ಜನಪ್ರಿಯ ಪುಸ್ತಕಗಳು ಈ ಸುಮ್ಮನೆ ದಕ್ಕಿದ ಲಾಭವನ್ನು ಒಡೆಯನ ಜಾಣ್ಮೆಯ ಫಲವೆಂದು ಹೇಳಿ ಆ ಜಾಣ್ಮೆಯನ್ನು ಕಲಿಸುವುದಾಗಿ ಮಾತು ಕೊಡುತ್ತವೆ.

ಆಗಾಮಿ ಬರುವುದು ನಿಶ್ಚಯವಾಗಿದ್ದರೂ ಯಾವಾಗ ಬರುತ್ತದೆ ಎಂಬುದರ ಮೇಲೆ ಅದರ ಯೋಗ್ಯತೆ ನಿಂತಿದೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದ 1996-97ರಲ್ಲಿ ಮಂಜೂರಾದ ಬೆಂಗಳೂರು-ಹಾಸನ ನೇರ ರೈಲುಮಾರ್ಗ ಚನ್ನರಾಯಪಟ್ಟಣ, ಶ್ರವಣಬೆಳಗೊಳಗಳ ಮೂಲಕ ಪೂರ್ತಿಯಾಗಿ ಓಡಾಟಕ್ಕೆ ತೆರೆದದ್ದು 2017ರಲ್ಲಿ. ಸ್ವತಃ ಜಿಲ್ಲೆಯವರೇ ಪ್ರಧಾನಿಯಾಗಿದ್ದಾಗ ಹುಟ್ಟಿದ ಯೋಜನೆಗೆ ಇಪ್ಪತ್ತು ವರ್ಷ ಹಿಡಿಯಿತು. ಸ್ಟೇಷನ್ ಬರುತ್ತದೆ ಎಂಬ ಸುದ್ದಿಯ ಮೇಲೆ ಸಾಲ ಮಾಡಿ ನೆಲ ಕೊಂಡವನಿಗೆ ಆ ಇಪ್ಪತ್ತು ವರ್ಷದ ಬಡ್ಡಿಯನ್ನು ಯಾವ ಪುಸ್ತಕವೂ ಕಟ್ಟಿಕೊಡುವುದಿಲ್ಲ. ಸಾಮಾನ್ಯವಾಗಿ ಕೇಳುವ ಒಂದು ಮಾತನ್ನು ಲೆಕ್ಕಕ್ಕೆ ಇಳಿಸಿ ನೋಡಬಹುದು. ಇಪ್ಪತ್ತೈದು ವರ್ಷಗಳಲ್ಲಿ ಸೈಟಿನ ಬೆಲೆ ಹತ್ತು ಪಟ್ಟಾಯಿತು ಎಂದರೆ ಕಿವಿಗೆ ದೊಡ್ಡದಾಗಿ ಕೇಳುತ್ತದೆ. ಚಕ್ರಬಡ್ಡಿಯ ಲೆಕ್ಕದಲ್ಲಿ ಅದು ವರ್ಷಕ್ಕೆ ಸುಮಾರು ಶೇ 9.6. ಅದರಲ್ಲಿ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ಕಂದಾಯ, ಬೇಲಿ, ದಲ್ಲಾಳಿಯ ಕಮಿಷನ್, ಮಾರುವಾಗಿನ ತೆರಿಗೆ ಕಳೆಯಬೇಕು. 1990ರ ದಶಕದ ಮೊದಲ ವರ್ಷಗಳಲ್ಲಿ ಬ್ಯಾಂಕಿನ ನಿಶ್ಚಿತ ಠೇವಣಿಗೇ ಶೇ 10ಕ್ಕಿಂತ ಹೆಚ್ಚು ಬಡ್ಡಿ ಸಿಗುತ್ತಿತ್ತು. ಇದರಿಂದ ಸೈಟು ಕೊಳ್ಳಬಾರದು ಎಂದು ಅರ್ಥವಲ್ಲ. ಹತ್ತು ಪಟ್ಟು ಎಂಬ ಮಾತಿನ ಪಕ್ಕದಲ್ಲಿ ಎಷ್ಟು ವರ್ಷ, ಎಷ್ಟು ಖರ್ಚು ಎಂಬ ಎರಡು ಅಂಕಿಗಳನ್ನು ಬರೆಯದ ಪುಸ್ತಕವನ್ನು ನಂಬಬಾರದು ಎಂದು ಅರ್ಥ.

ಇನ್ನು ಸಾಲದ ಮಾತು. ಮೂವತ್ತು ವರ್ಷ ಬಡ್ಡಿ ಬದಲಾಗದ ಗೃಹಸಾಲ, ಹಕ್ಕಿನ ದೋಷಕ್ಕೆ ವಿಮೆ, ಬಾಡಿಗೆದಾರರ ದೊಡ್ಡ ಮಾರುಕಟ್ಟೆ, ಈ ಮೂರರ ಮೇಲೆ ಅಮೆರಿಕದ ಆ ಪುಸ್ತಕಗಳು ನಿಂತಿವೆ. ಅಲ್ಲಿಯೂ 2007-08ರಲ್ಲಿ ಮನೆಗಳ ಬೆಲೆ ಕುಸಿದಾಗ ಸಾಲದಿಂದ ಕೊಂಡವರೇ ಮೊದಲು ಬಿದ್ದರು. ಇಲ್ಲಿ ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ರೂಪಾಯಿವರೆಗಿನ ಗೃಹಸಾಲಕ್ಕೂ ಮನೆಯ ಬೆಲೆಯ ಶೇ 90ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಸಾಲ ದೊಡ್ಡದಾದಷ್ಟೂ ಆ ಮಿತಿ ಇಳಿಯುತ್ತದೆ. ಹೂಡಿಕೆಗೆಂದು ಹೊಲ ಕೊಳ್ಳುವವನಿಗೆ ಬ್ಯಾಂಕಿನ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಕೈಯಿಂದ ಹಣ ಹಾಕದೆ ಕೊಳ್ಳಲು ಹೊರಟವನು ಕೊನೆಗೆ ಸೇರುವುದು ಕೈಸಾಲ ಕೊಡುವವರ ಮನೆಯನ್ನು. ತಂಬಾಕಿಗೆ ರಾಮನಾಥಪುರದ ಹರಾಜಿನಲ್ಲಿ ಎಷ್ಟು ಸಿಕ್ಕೀತು, ಆಲೂಗೆಡ್ಡೆಗೆ ರೋಗ ತಗುಲೀತೇ ಎಂದು ವರ್ಷ ವರ್ಷ ಕಾಯುವ ಕುಟುಂಬದ ಆದಾಯದ ಮೇಲೆ ತಿಂಗಳ ಕಂತಿನ ಸಾಲ ಹೊರಿಸುವುದು ಹಿತವಚನವಾಗಲಾರದು.

ಈ ಪುಸ್ತಕಗಳ ಪರವಾಗಿ ಹೇಳಬಹುದಾದ ಮಾತುಗಳನ್ನೂ ನ್ಯಾಯವಾಗಿ ಕೇಳಬೇಕು. ಅವು ಕಾನೂನಿನ ಕೈಪಿಡಿಗಳಲ್ಲ, ಹಣದ ಬಗ್ಗೆ ಯೋಚಿಸುವ ಕ್ರಮ ಕಲಿಸುತ್ತವೆ, ಭಯ ಬಿಡಿಸುತ್ತವೆ ಎಂಬುದು ಮೊದಲ ಸಮರ್ಥನೆ. ಇದರಲ್ಲಿ ಸತ್ಯವಿದೆ. ಜೇಬಿಗೆ ಹಣ ತರುವುದು ಯಾವುದು, ಜೇಬಿನಿಂದ ಹಣ ತೆಗೆಯುವುದು ಯಾವುದು ಎಂದು ಬೇರೆ ಮಾಡಿ ನೋಡುವ ಕಿಯೋಸಾಕಿಯ ಪಾಠ ಸರಳ, ಉಪಯುಕ್ತ. ಮಗಳ ಮದುವೆಗೂ ಮನೆಯ ಮೇಲಂತಸ್ತಿಗೂ ಒಂದೇ ಸಮನೆ ಸಾಲ ಮಾಡುವ ನಮ್ಮ ಮಧ್ಯಮ ವರ್ಗ ಆ ಪಾಠವನ್ನು ಕಲಿಯಬೇಕು. ನಿಕರ್ಸನ್ ಹೇಳುವಂತೆ ಬಾಡಿಗೆ ಮನೆಯ ಖರ್ಚು, ಖಾಲಿ ತಿಂಗಳು, ರಿಪೇರಿಗಳನ್ನು ಬರೆದಿಟ್ಟು ಲೆಕ್ಕ ಹಾಕುವ ಅಭ್ಯಾಸ ಹಾಸನದ ವಿದ್ಯಾನಗರದಲ್ಲಿ ಮನೆ ಬಾಡಿಗೆಗೆ ಕೊಡುವವರಿಗೂ ಒಳ್ಳೆಯದು. ಆದರೆ ಧೈರ್ಯ ಬೇರೆ, ತಿಳಿವಳಿಕೆ ಬೇರೆ. ತಿಳಿವಳಿಕೆ ಕಡಿಮೆಯಿದ್ದವನಿಗೆ ಧೈರ್ಯ ತುಂಬಿದರೆ ನಷ್ಟ ಬೇಗ ಆಗುತ್ತದೆ. ಭಯಕ್ಕೆ ಕಾರಣ ಇರುವ ಕಡೆ ಭಯ ಬಿಡಿಸುವವನು ಹಿತೈಷಿಯಲ್ಲ. ಗೆದ್ದವರು ಮಾತ್ರ ಪುಸ್ತಕ ಬರೆಯುತ್ತಾರೆ ಎಂಬುದನ್ನೂ ನೆನಪಿಡಬೇಕು. ಅದೇ ವಿಧಾನ ಅನುಸರಿಸಿ ಸೋತವರ ಲೆಕ್ಕ ಸಬ್ ರಿಜಿಸ್ಟ್ರಾರ್ ಕಚೇರಿಯ ದಪ್ತರದಲ್ಲೂ ಸಿವಿಲ್ ಕೋರ್ಟಿನ ದಾವೆಗಳಲ್ಲೂ ಇರುತ್ತದೆ. ಅದನ್ನು ಯಾರೂ ಅಚ್ಚು ಹಾಕಿಸಿ ಮಾರುವುದಿಲ್ಲ.

ಕಾಲ ಬದಲಾಗಿದೆ, ಹಳೆಯ ಕಾಯಿದೆಗಳ ಕಥೆ ಈಗೇಕೆ ಎಂಬುದು ಎರಡನೆಯ ಆಕ್ಷೇಪ. 2020ರ ತಿದ್ದುಪಡಿ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿತು. ಈಗ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಪಹಣಿ 'ಭೂಮಿ' ತಂತ್ರಾಂಶದಲ್ಲಿದೆ, ನೋಂದಣಿ 'ಕಾವೇರಿ'ಯಲ್ಲಿ, ಹಳ್ಳಿಯ ಸೈಟು ಇ-ಸ್ವತ್ತಿನಲ್ಲಿ, ದೊಡ್ಡ ಬಡಾವಣೆಗಳಿಗೆ 2016ರ ರೇರಾ ಕಾಯಿದೆ ಇದೆ. ಇವೆಲ್ಲ ನಿಜವಾದ ಸುಧಾರಣೆಗಳು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗಿನ ವ್ಯಾಜ್ಯ ಮುಗಿಯುವುದಿಲ್ಲ. ಪಿಟಿಸಿಎಲ್ ಹಾಗೆಯೇ ಇದೆ, ಮಂಜೂರಾತಿಯ ಷರತ್ತುಗಳು ಹಾಗೆಯೇ ಇವೆ, ಹೊಲವನ್ನು ಸೈಟು ಮಾಡಲು 1964ರ ಭೂಕಂದಾಯ ಕಾಯಿದೆಯ 95ನೇ ಕಲಮಿನ ಭೂಪರಿವರ್ತನೆಯ ನಿಯಮಗಳನ್ನು ಪಾಲಿಸಬೇಕು. ಕಂಪ್ಯೂಟರಿಗೆ ಹೋದ ದಾಖಲೆಯಲ್ಲಿ ಕೈಬರಹದ ಕಾಲದ ತಪ್ಪುಗಳೂ ಹೋಗಿವೆ. ಪಹಣಿಯ 9ನೇ ಕಾಲಂನಲ್ಲಿ ಹೆಸರಿದ್ದರೆ ಸಾಲದು, 11ನೇ ಕಾಲಂನ ಋಣಗಳನ್ನೂ ನೋಡಬೇಕು. ಅದೇ ಕಾಯಿದೆಯ 133ನೇ ಕಲಮು ಹೇಳುವುದು, ಪಹಣಿಯಲ್ಲಿರುವುದು ಬೇರೆ ರುಜುವಾತಾಗುವವರೆಗೆ ಮಾತ್ರ ನಿಜ ಎಂದು. ನಮ್ಮಲ್ಲಿ ನೋಂದಣಿಯಾಗುವುದು ಪತ್ರ. ಹಕ್ಕಿಗೆ ಸರ್ಕಾರದ ಖಾತರಿ ಇಲ್ಲ. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರದ ಮೇಲೆ ಆದ ಮಾರಾಟದಿಂದ ಹಕ್ಕು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಬೇಕಾಗಿ ಬಂದದ್ದೇ ಇದಕ್ಕೆ ಸಾಕ್ಷಿ.

ನೆಲದ ಹಿಂದೆ ಕುಟುಂಬವೂ ಇರುತ್ತದೆ. ಒಟ್ಟು ಕುಟುಂಬದ ಪಾಲಿನಲ್ಲಿ ಹೆಂಗಸರಿಗೂ ಭಾಗವಿದೆ ಎಂದು ಮೈಸೂರು ಸಂಸ್ಥಾನ 1933ರಲ್ಲೇ ಕಾಯಿದೆ ಮಾಡಿತ್ತು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿ, 2020ರ ವಿನೀತಾ ಶರ್ಮಾ ತೀರ್ಪು ಹೆಣ್ಣುಮಕ್ಕಳನ್ನು ಗಂಡುಮಕ್ಕಳಿಗೆ ಸಮನಾದ ಪಾಲುದಾರರನ್ನಾಗಿ ಮಾಡಿದವು. ಅಣ್ಣತಮ್ಮಂದಿರು ಸಹಿ ಹಾಕಿ, ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಕೇಳದೆ ಬರೆದ ಕ್ರಯಪತ್ರಗಳು ಇಂದು ದಾವೆಗೆ ಗುರಿಯಾಗುತ್ತಿವೆ. ವಂಶವೃಕ್ಷ ತರಿಸಿ ಎಲ್ಲ ವಾರಸುದಾರರ ಒಪ್ಪಿಗೆ ಕೇಳಬೇಕೆಂಬ ಮಾತು ವಿದೇಶದ ಹಿತವಚನದ ಪುಸ್ತಕದಲ್ಲಿ ಸಿಗುವುದಿಲ್ಲ. ಅದು ಸಿಗುವುದು ಕನ್ನಡದಲ್ಲಿ ವಕೀಲರು, ನಿವೃತ್ತ ಕಂದಾಯ ಅಧಿಕಾರಿಗಳು ಬರೆದ ಪಹಣಿ, ನೋಂದಣಿ, ಭೂಸುಧಾರಣೆಗಳ ಸಾದಾ ಕೈಪಿಡಿಗಳಲ್ಲಿ. ಅವುಗಳ ಮುಖಪುಟದಲ್ಲಿ ಶ್ರೀಮಂತನ ಚಿತ್ರವಿರುವುದಿಲ್ಲ, ಒಳಗೆ ಕನಸು ಮಾರುವ ಮಾತಿಲ್ಲ. ಓದುವುದು ತುಸು ಕಷ್ಟ, ತಿದ್ದುಪಡಿ ಬಂದಂತೆ ಹಳತಾಗುತ್ತವೆ. ಆದರೂ ನೆಲ ಕೊಳ್ಳುವ ಕನ್ನಡಿಗನಿಗೆ ಅವುಗಳ ಒಂದು ಅಧ್ಯಾಯ ಅನುವಾದಗೊಂಡ ಒಂದು ಪುಸ್ತಕಕ್ಕಿಂತ ಹೆಚ್ಚು ಬೆಲೆಯದು.

ಹಾಗಾದರೆ ಇಂಥ ಪುಸ್ತಕ ಕೈಗೆ ಬಂದಾಗ ಅದನ್ನು ತೂಗುವುದು ಹೇಗೆ? ಅದು ಹೇಳುವ ಉದಾಹರಣೆಗಳು ಯಾವ ಊರಿನವು, ಯಾವ ವರ್ಷದವು ಎಂದು ನೋಡಿ. ಊರು, ವರ್ಷ ಇಲ್ಲದ ಉದಾಹರಣೆ ಕಥೆ ಮಾತ್ರ. ಕಳೆದುಕೊಂಡವರ ಪ್ರಸ್ತಾಪ ಇದೆಯೇ ಎಂದು ನೋಡಿ. ಲಾಭದ ಪಕ್ಕದಲ್ಲಿ ಕಾಲ ಮತ್ತು ಖರ್ಚು ಬರೆದಿದೆಯೇ ಎಂದು ನೋಡಿ. ಲೇಖಕನ ಗಳಿಕೆ ನೆಲದಿಂದ ಬಂದದ್ದೋ, ಪುಸ್ತಕ ಮತ್ತು ತರಬೇತಿ ಶಿಬಿರಗಳಿಂದ ಬಂದದ್ದೋ ವಿಚಾರಿಸಿ. ನೆಲದ ಹಿಂದಿನ ಒಡೆಯರ ಬಗ್ಗೆ, ಮಂಜೂರಾತಿಯ ಬಗ್ಗೆ, ನೀರಿನ ಬಗ್ಗೆ, ಪಾಲುದಾರರ ಬಗ್ಗೆ ಅದು ಒಂದು ಅಧ್ಯಾಯವನ್ನಾದರೂ ಕೊಟ್ಟಿದೆಯೇ ನೋಡಿ. ಈ ತಕ್ಕಡಿಯಲ್ಲಿ ಇಟ್ಟಾಗ ಜನಪ್ರಿಯ ಪುಸ್ತಕಗಳ ಬೆಲೆ ಸ್ಪಷ್ಟವಾಗುತ್ತದೆ: ಮನೆಯ ಜಮಾಖರ್ಚು ಕಲಿಯಲು ಅವು ಒಳ್ಳೆಯವು, ಅರಕಲಗೂಡಿನಲ್ಲಿ ಒಂದು ಎಕರೆ ಕೊಳ್ಳಲು ಅವು ಸಾಲವು. ಆ ಕೆಲಸಕ್ಕೆ ಮೊದಲು ಓದಬೇಕಾದದ್ದು ಆ ಸರ್ವೆ ನಂಬರಿನ ಕಾಗದಗಳನ್ನೇ: ಮೂಲ ಮಂಜೂರಾತಿ ಅಥವಾ ಇನಾಂ ದಾಖಲೆ, 1974ರ ಸುತ್ತಿನ ಪಹಣಿಗಳು, ಮ್ಯುಟೇಷನ್, ಆಕಾರ್‌ಬಂದ್, ಸರ್ವೆ ನಕಾಶೆ, ಋಣಭಾರ ಪತ್ರ, ವಂಶವೃಕ್ಷ. ಆಮೇಲೆ ಹೊಲಕ್ಕೆ ಹೋಗಿ ಬದು, ದಾರಿ, ನೀರು ನೋಡಬೇಕು, ಅಕ್ಕಪಕ್ಕದವರನ್ನು ಕೇಳಬೇಕು. ನಾಳೆ ಬೆಲೆ ಎಷ್ಟಾದೀತು ಎಂಬ ಲೆಕ್ಕ ಬರುವುದು ಇದೆಲ್ಲ ಮುಗಿದ ಮೇಲೆ. ಕ್ರಯಪತ್ರದ ಹಳೆಯ ಸಾಲಿನಲ್ಲೂ ಆಗಾಮಿ ಬರುವುದು ಆರನೆಯದಾಗಿ. ಅದಕ್ಕೆ ಮೊದಲಿನ ಐದೂ ಈಗಾಗಲೇ ನೆಲದಲ್ಲಿ ಇರುವುವು.